ಅವ್ವನಿಗೆ ಎರಡು ದಿನದ ಹಿತ್ತಲು: ಬೆಂಗಳೂರಿನ ದೊಡ್ಡ ಹೋಟೆಲಿನಲ್ಲಿ ತೋಟದ ರೂಮು ಹಿಡಿಯುವ ಮುಂಚೆ

ಪ್ರಶ್ನೆ: ನಮ್ಮದು ದಾವಣಗೆರೆ, ವಿದ್ಯಾನಗರ. ಬರುವ ಜನವರಿಗೆ ಅಪ್ಪಾಜಿ, ಅವ್ವನ ಮದುವೆಯಾಗಿ 40 ವರ್ಷ ತುಂಬುತ್ತದೆ. ಹಳೇ ಮನೆ ಮಾರಿ ಅಪಾರ್ಟ್‌ಮೆಂಟಿಗೆ ಬಂದ ಮೇಲೆ ಅವ್ವ ಹಿತ್ತಲನ್ನು ನೆನೆಸಿಕೊಳ್ಳದ ದಿನವಿಲ್ಲ. ಬೆಂಗಳೂರಿನ ಒಂದು ಪಂಚತಾರಾ ಹೋಟೆಲಿನಲ್ಲಿ 'ಪ್ರೈವೇಟ್ ಗಾರ್ಡನ್' ಇರುವ ರೂಮು ನೋಡಿದ್ದೇನೆ. ಒಂದು ರಾತ್ರಿಗೆ 28,000 ರೂಪಾಯಿ ಅಂತ ತೋರಿಸುತ್ತಿದೆ. ಅಣ್ಣ 'ಇದು ಹುಚ್ಚು ಖರ್ಚು' ಅಂತಾನೆ. ಅಪ್ಪಾಜಿಗೆ ಮೊಣಕಾಲಿನ ಆಪರೇಷನ್ ಆಗಿದೆ. ಬೆಳಿಗ್ಗೆ ನಾಲ್ಕೂವರೆಗೇ ಎದ್ದು ಲಿಂಗಪೂಜೆ ಮಾಡುವವರು. ಅಂಥ ಜಾಗ ಅವರಿಗೆ ಒಗ್ಗುತ್ತದಾ? ಕೊಟ್ಟ ದುಡ್ಡಿಗೆ ತಕ್ಕದ್ದಾ? ಏನೇನು ನೋಡ್ಕೋಬೇಕು?

ಉತ್ತರ: ನೇರವಾಗಿ ಹೇಳಿಬಿಡುತ್ತೇನೆ. ಒಂದೇ ರಾತ್ರಿಗಾದರೆ ಬೇಡ. ಎರಡು ರಾತ್ರಿ ಇರುವುದಾದರೆ, ಹಗಲೆಲ್ಲ ಅಲ್ಲೇ ಕೂರುವುದಾದರೆ, ಧಾರಾಳವಾಗಿ ಹೋಗಿ. ಅಣ್ಣನ ಮಾತಿಗೆ ಆಮೇಲೆ ಬರೋಣ.

ತೋಟದ ರೂಮಿನ ಲೆಕ್ಕವನ್ನು ರಾತ್ರಿಗಳಲ್ಲಿ ಹಾಕಬಾರದು, ಬೆಳಕಿನ ಗಂಟೆಗಳಲ್ಲಿ ಹಾಕಬೇಕು. ದೊಡ್ಡ ಹೋಟೆಲುಗಳಲ್ಲಿ ರೂಮು ಕೈಗೆ ಸಿಗುವುದು ಮಧ್ಯಾಹ್ನ ಎರಡಕ್ಕೋ ಮೂರಕ್ಕೋ. ಬಿಡಬೇಕಾದ್ದು ಹನ್ನೊಂದಕ್ಕೋ ಹನ್ನೆರಡಕ್ಕೋ. ಒಳಗೆ ಹೋಗಿ, ಮುಖ ತೊಳೆದು, ಕಾಫಿ ಕುಡಿಯುವ ಹೊತ್ತಿಗೆ ನಾಲ್ಕಾಗಿರುತ್ತದೆ. ಜನವರಿಯಲ್ಲಿ ಬೆಂಗಳೂರಿನಲ್ಲಿ ಆರು ಕಾಲರ ಸುಮಾರಿಗೆ ಸೂರ್ಯ ಮುಳುಗುತ್ತಾನೆ. ಮರುದಿನ ಬೆಳಿಗ್ಗೆ ಸ್ನಾನ, ತಿಂಡಿ, ಬ್ಯಾಗು ತುಂಬುವುದು. ಒಟ್ಟು ನಾಲ್ಕೈದು ಗಂಟೆ ತೋಟದಲ್ಲಿ ಕೂತರೆ ದೊಡ್ಡದು. ಎರಡನೇ ರಾತ್ರಿ ಸೇರಿಸಿದರೆ ನಡುವೆ ಇಡೀ ಒಂದು ಹಗಲು ಸಿಗುತ್ತದೆ. ನಿಮ್ಮ ಅವ್ವನಿಗೆ ಬೇಕಾದ್ದು ಆ ಹಗಲು.

ನಾನು ಬೆಂಗಳೂರಿನ ಹೋಟೆಲುಗಳ ಫ್ರಂಟ್ ಆಫೀಸಿನಲ್ಲಿ ಇಪ್ಪತ್ತು ವರ್ಷ ನಿಂತವನು. ತೋಟದ ರೂಮು ಹಿಡಿದವರಲ್ಲಿ ಎಷ್ಟೋ ಜನ ಬೆಳಿಗ್ಗೆ ಒಂಬತ್ತಕ್ಕೆ ಕಮರ್ಷಿಯಲ್ ಸ್ಟ್ರೀಟಿಗೆ ಹೊರಟು ರಾತ್ರಿ ಹತ್ತಕ್ಕೆ ಚೀಲ ಹೊತ್ತು ಬರುತ್ತಿದ್ದರು. ಎಸಿ ಹಾಕಿ, ಪರದೆ ಎಳೆದು ಮಲಗುತ್ತಿದ್ದರು. ಅವರು ಹೋದ ಮೇಲೆ ರೂಮು ನೋಡಿದರೆ ತೋಟದ ಬಾಗಿಲಿನ ಚಿಲಕ ನಾವು ಹಾಕಿದ ಹಾಗೇ ಇರುತ್ತಿತ್ತು. ಅಂಥವರಿಗೆ ನಾಲ್ಕನೇ ಮಹಡಿಯ ಮಾಮೂಲಿ ರೂಮೇ ಸಾಕಿತ್ತು.

ಈಗ 'ಪ್ರೈವೇಟ್ ಗಾರ್ಡನ್' ಅನ್ನುವ ಪದಕ್ಕೆ ಬರೋಣ. ನೀವು ಜಾಸ್ತಿ ದುಡ್ಡು ಕೊಡುತ್ತಿರುವುದು ಈ ಎರಡು ಪದಕ್ಕೆ. 'ಗಾರ್ಡನ್ ವ್ಯೂ' ಅಂದರೆ ಕಿಟಕಿಯಿಂದ ಗಿಡ ಕಾಣುತ್ತದೆ, ಅಷ್ಟೇ. ಮೂರನೇ ಮಹಡಿಯೂ ಆಗಿರಬಹುದು. 'ಗಾರ್ಡನ್ ರೂಮ್' ಅಂದರೆ ಸಾಮಾನ್ಯವಾಗಿ ನೆಲಮಹಡಿ, ಬಾಗಿಲು ತೆಗೆದರೆ ಎಲ್ಲರೂ ಓಡಾಡುವ ಲಾನ್. 'ಸಿಟ್‌ಔಟ್' ಅಂದರೆ ಎರಡು ಕುರ್ಚಿ ಹಾಕುವಷ್ಟು ಜಗಲಿ, ಮುಂದೆ ನಾಲ್ಕು ಕುಂಡ. 'ಪ್ರೈವೇಟ್ ಗಾರ್ಡನ್' ಅಂತ ಬರೆದಿದ್ದರೆ ನಿಮ್ಮದೇ ಗೋಡೆ ಅಥವಾ ಬೇಲಿ ಇರಬೇಕು, ನಿಮ್ಮ ರೂಮಿನಿಂದ ಬಿಟ್ಟು ಬೇರೆ ಕಡೆಯಿಂದ ಯಾರೂ ಒಳಗೆ ಬರಬಾರದು. ಆದರೆ ಈ ಪದಗಳಿಗೆ ಎಲ್ಲರಿಗೂ ಒಂದೇ ಅರ್ಥ ಅಂತ ಯಾರೂ ಕಟ್ಟಿಹಾಕಿಲ್ಲ. ಒಂದು ಕಡೆ ಎಂಟು ಅಡಿ ಅಗಲದ ಜಾಗಕ್ಕೆ ಬಿದಿರಿನ ತಡಿಕೆ ಕಟ್ಟಿ ಅದನ್ನೇ ತೋಟ ಅಂತ ಮಾರಿದ್ದನ್ನು ಕಣ್ಣಾರೆ ನೋಡಿದ್ದೇನೆ. ವೆಬ್‌ಸೈಟಿನ ಫೋಟೋದಲ್ಲಿ ಅದು ಕಾಡಿನ ಹಾಗೆ ಕಾಣುತ್ತಿತ್ತು.

ಹಾಗಾಗಿ ಬುಕಿಂಗ್ ಆ್ಯಪ್ ಬಿಟ್ಟು ಹೋಟೆಲಿಗೇ ಫೋನ್ ಮಾಡಿ. ಬೆಳಿಗ್ಗೆ ಹನ್ನೊಂದರಿಂದ ಮಧ್ಯಾಹ್ನ ನಾಲ್ಕರವರೆಗೆ ಹೋಗುವವರು ಬರುವವರು ಕೌಂಟರ್ ಮುಂದೆ ನಿಂತಿರುತ್ತಾರೆ, ಯಾರೂ ಸಮಾಧಾನವಾಗಿ ಮಾತಾಡುವುದಿಲ್ಲ. ನಾಲ್ಕೂವರೆ ದಾಟಿದ ಮೇಲೆ ಮಾಡಿ, ಡ್ಯೂಟಿ ಮ್ಯಾನೇಜರನ್ನು ಕೇಳಿ. ತೋಟ ಎಷ್ಟು ಅಡಿಗೆ ಎಷ್ಟು ಅಡಿ? ಬೇಲಿ ಆಳೆತ್ತರ ಇದೆಯಾ, ಮೊಣಕಾಲೆತ್ತರವಾ? ಮೇಲಿನ ಮಹಡಿಯ ಬಾಲ್ಕನಿಯಿಂದ ಬಗ್ಗಿ ನೋಡಿದರೆ ಕಾಣುತ್ತದಾ? ಗೋಡೆಯ ಆಚೆ ಏನಿದೆ? ಈ ಕಡೇ ಪ್ರಶ್ನೆ ಮರೆಯಬೇಡಿ. ಆಚೆ ಜನರೇಟರ್, ಲಾಂಡ್ರಿ ಅಥವಾ ಅಡುಗೆಮನೆಯ ಹೊಗೆ ಹೊರಹಾಕುವ ದೊಡ್ಡ ಫ್ಯಾನು ಇದ್ದರೆ ತೋಟದಲ್ಲಿ ಹತ್ತು ನಿಮಿಷ ಕೂರಲು ಆಗಲ್ಲ. ಆ ರೂಮಿನ ವಿಡಿಯೋ ಒಂದನ್ನು ಮೊಬೈಲಿನಲ್ಲಿ ತೆಗೆದು ವಾಟ್ಸಾಪ್ ಮಾಡಿ ಅಂದರೆ ಬಹಳ ಕಡೆ ಮಾಡುತ್ತಾರೆ. ಮಾಡದಿದ್ದರೆ ಅದೂ ಒಂದು ಉತ್ತರವೇ ಅಲ್ವಾ.

ಮದುವೆ ಲಾನ್ ಪಕ್ಕದ ರೂಮು ಬೇಡ ಅಂತಲೂ ಹೇಳಿ. ನಿಮ್ಮ ತಾರೀಖು ಸಂಕ್ರಾಂತಿಗೆ ಮುಂಚೆ ಬಿದ್ದರೆ ಧನುರ್ಮಾಸ, ನಮ್ಮ ಜನರ ಮದುವೆಗಳು ಇರುವುದಿಲ್ಲ, ಲಾನ್ ತಣ್ಣಗಿರುತ್ತದೆ. ಸಂಕ್ರಾಂತಿ ಕಳೆಯಿತೋ, ಶುರು. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಹೊರಗೆ ಧ್ವನಿವರ್ಧಕ ಹಾಕಬಾರದು ಅನ್ನುವ ನಿಯಮ ದೇಶಕ್ಕೆಲ್ಲ ಇದೆ. ಆದರೆ ಸಂಜೆ ಆರರಿಂದ ಹತ್ತರವರೆಗಿನ ಡಿಜೆಗೆ ಏನು ಮಾಡುತ್ತೀರಿ?

ಊರ ನಡುವೆ ಇಂಥ ರೂಮು ಯಾಕೆ ಇಷ್ಟು ತುಟ್ಟಿ ಅಂತ ನಿಮ್ಮ ಅಣ್ಣ ಕೇಳಬಹುದು. ಜಾಗ ಮಾರಾಯ್ರೆ, ಜಾಗ. ಬೆಂಗಳೂರಿನ ರೇಸ್ ಕೋರ್ಸ್ ರಸ್ತೆಯ ವೆಸ್ಟ್ ಎಂಡ್ ಹೋಟೆಲ್ ನೋಡಿ. 1887ರಲ್ಲಿ ಬ್ರಿಟಿಷರ ಕಾಲದ ಬೋರ್ಡಿಂಗ್ ಹೌಸ್ ಆಗಿ ಹತ್ತು ರೂಮಿನಿಂದ ಶುರುವಾದದ್ದು. ಈಗ ತಾಜ್ ಗುಂಪಿನ ಕೈಯಲ್ಲಿದೆ, ಸುಮಾರು 20 ಎಕರೆ, ಒಳಗೆ ನೂರು ವರ್ಷ ದಾಟಿದ ಮರಗಳಿವೆ. ನಮ್ಮ ಚನ್ನಗಿರಿ ಕಡೆ 20 ಎಕರೆ ಅಡಿಕೆ ತೋಟ ಇದ್ದವನನ್ನೇ ದೊಡ್ಡ ಕುಳ ಅಂತೀವಿ. ಅಷ್ಟು ನೆಲ ಮೆಜೆಸ್ಟಿಕ್ಕಿನಿಂದ ಕೂಗಳತೆ ದೂರದಲ್ಲಿ ಇದೆ ಅಂದರೆ ಲೆಕ್ಕ ಹಾಕಿ. ಸಿಂಗಾಪುರದ ರಾಫಲ್ಸ್ ಹೋಟೆಲ್ ಕೂಡ ಅದೇ 1887ರಲ್ಲಿ, ಅದೇ ಹತ್ತು ರೂಮಿನ ಬಂಗಲೆಯಲ್ಲಿ ಶುರುವಾಯಿತು. ಅದರ ತೋಟವೂ ಊರ ನಡುವೆ ಇನ್ನೂ ಇದೆ. ಆಗ ಬಂಗಲೆ ಅಂದರೆ ಸುತ್ತ ಕಾಂಪೌಂಡು ಇರಲೇಬೇಕಿತ್ತು, ಹಾಗಾಗಿ ಮರಗಳು ಉಳಿದವು. ಈಗಿನವರು ಅಷ್ಟು ನೆಲ ಸಿಕ್ಕರೆ ತೋಟ ಮಾಡುತ್ತಾರಾ? ಇಪ್ಪತ್ತು ಮಹಡಿ ಎಬ್ಬಿಸಿ, ಮೇಲೆ ಈಜುಕೊಳ, ಕೆಳಗೆ ಒಂದು ಪಟ್ಟಿ ಹುಲ್ಲು. ನೀವು ನೋಡಿರುವ ಹೋಟೆಲು ಹಳೇ ಕಾಂಪೌಂಡಿನದಾದರೆ ತೋಟ ನಿಜವಾಗಿ ತೋಟವಾಗಿರುವ ಸಾಧ್ಯತೆ ಜಾಸ್ತಿ.

ಆದರೂ ಅವ್ವನಿಗೆ ಒಂದು ಮಾತು ಮುಂಚೆಯೇ ಹೇಳಿರಿ. ಹೋಟೆಲಿನವರು ನೆಡುವುದು ಎಲೆ ಚೆಂದದ ಗಿಡ. ಪಾಮ್, ಹೆಲಿಕೋನಿಯಾ, ಬಿದಿರು, ಅಗಲ ಎಲೆಯ ಬಳ್ಳಿ. ವರ್ಷವಿಡೀ ಹಸಿರಾಗಿರಬೇಕು, ನೆಲದ ಮೇಲೆ ಹೂವು ಉದುರಿ ಕಸ ಆಗಬಾರದು, ಇದು ಅವರ ಲೆಕ್ಕ. ನಮ್ಮ ಹಿತ್ತಲಿನ ದಾಸವಾಳ, ಕಣಗಿಲೆ, ಕಾಕಡ, ನುಗ್ಗೆ, ಕರಿಬೇವು ಹುಡುಕಿದರೆ ಸಿಗಲಿಕ್ಕಿಲ್ಲ. ಮೊದಲ ದಿನ ಅವ್ವ 'ಒಂದು ಹೂವಿಲ್ಲ, ಇದೇನು ತೋಟ' ಅಂದರೆ ಬೇಜಾರಾಗಬೇಡಿ. ಎರಡನೇ ದಿನ ಅಳಿಲು, ಗಿಣಿ ನೋಡುತ್ತಾ ಕೂರುತ್ತಾರೆ.

ತೋಟಕ್ಕೂ ಒಂದು ದಿನಚರಿ ಇದೆ, ಅದನ್ನು ಯಾವ ವೆಬ್‌ಸೈಟೂ ಬರೆಯುವುದಿಲ್ಲ. ಮಾಲಿಗಳು ಬರುವುದು ಬೆಳಿಗ್ಗೆ ಆರಕ್ಕೆ. ಪೊರಕೆ ಸದ್ದಾದರೆ ಪರವಾಗಿಲ್ಲ. ಕೆಲವು ಕಡೆ ಎಲೆ ಊದುವ ಮೆಷಿನ್ ಹಿಡಿದು ಬರುತ್ತಾರೆ, ಅದು ಸ್ಕೂಟರಿನ ಸೈಲೆನ್ಸರ್ ಕಿತ್ತ ಹಾಗೆ. ನಮ್ಮ ತೋಟಕ್ಕೆ ಒಂಬತ್ತರ ಮೇಲೆ ಬನ್ನಿ ಅಂತ ಮೊದಲೇ ಹೇಳಿಟ್ಟರೆ ಕೇಳುತ್ತಾರೆ. ಗಿಡಕ್ಕೆ ಬಿಡುವ ನೀರು ಬಹುಪಾಲು ಹೋಟೆಲಿನದೇ ಕೊಳಚೆ ನೀರು, ಶುದ್ಧ ಮಾಡಿದ್ದು. 2024ರ ಮಾರ್ಚಿನಲ್ಲಿ ನೀರಿಗೆ ಹಾಹಾಕಾರ ಎದ್ದಾಗ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ತೋಟಕ್ಕೆ, ಕಾರು ತೊಳೆಯಲಿಕ್ಕೆ ಬಳಸಿದರೆ 5,000 ರೂಪಾಯಿ ದಂಡ ಅಂತ ಆದೇಶ ಮಾಡಿತ್ತು. ಶುದ್ಧೀಕರಣದ ಯಂತ್ರ ಸರಿಯಿದ್ದರೆ ಏನೂ ಗೊತ್ತಾಗುವುದಿಲ್ಲ. ಸರಿಯಿಲ್ಲದ ದಿನ ನೀರು ಬಿಟ್ಟ ಅರ್ಧ ಗಂಟೆ ಮೂಗು ಮುಚ್ಚಿಕೊಳ್ಳಬೇಕು. ಅವ್ವ ನಲ್ಲಿ ಕಂಡ ಕೂಡಲೇ ಕೈ ತೊಳೆಯುವವರಾದರೆ, ತೋಟದ ನಲ್ಲಿ ಮುಟ್ಟಬೇಡ ಅನ್ನಿ.

ಸಂಜೆ ಆರರ ಸುಮಾರಿಗೆ ಸೊಳ್ಳೆಗೆ ಹೊಗೆ ಹೊಡೆಯುತ್ತಾರೆ. ಆಗ ತೋಟದ ಬಾಗಿಲು ಮುಚ್ಚಿ, ಅಪ್ಪಾಜಿಯನ್ನು ಒಳಗೆ ಕರೆದುಕೊಳ್ಳಿ. ಹೊಗೆ ಹೊಡೆದರೂ ಸೊಳ್ಳೆ ಪೂರ್ತಿ ಹೋಗುತ್ತೆ ಅಂತ ನಾನು ಹೇಳಲ್ಲ. ತೋಳು ಮುಚ್ಚುವ ಬಟ್ಟೆ ಇರಲಿ. ಜನವರಿ ರಾತ್ರಿ ಬೆಂಗಳೂರಿನಲ್ಲಿ 15–16 ಡಿಗ್ರಿಗೆ ಇಳಿಯುತ್ತದೆ. ದಾವಣಗೆರೆಯವರಿಗೆ ಅದು ಚಳಿಯೇ. ಬೆಳಿಗ್ಗೆ ಇಬ್ಬನಿಗೆ ಹೊರಗಿನ ಕುರ್ಚಿಯ ದಿಂಬು ಒದ್ದೆಯಾಗಿರುತ್ತದೆ, ಕೂರುವ ಮುಂಚೆ ಕೈಯಾಡಿಸಿ ನೋಡಿ. ರಾತ್ರಿಯೇ ದಿಂಬು ಒಳಗೆ ಎತ್ತಿಟ್ಟರೆ ಇನ್ನೂ ವಾಸಿ.

ಅಪ್ಪಾಜಿಯ ಪೂಜೆಯ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆ ಅಂದ್ರೆ ತೋಟದ ರೂಮು ನಿಮಗೆ ಬೇಕು ಅಂತ ನಾನು ಹೇಳುವುದಕ್ಕೆ ಮುಖ್ಯ ಕಾರಣವೇ ಇದು.

ದೊಡ್ಡ ಹೋಟೆಲಿನ ರೂಮಿನ ಚಾವಣಿಯಲ್ಲಿ ಬಿಳಿ ಬಟ್ಟಲಿನಂಥದ್ದು ಅಂಟಿರುತ್ತದೆ, ಹೊಗೆ ಕಂಡರೆ ಕೂಗಿಕೊಳ್ಳುವ ಯಂತ್ರ. ಒಮ್ಮೆ ನನ್ನ ರಾತ್ರಿ ಪಾಳಿಯಲ್ಲಿ, ಬೆಳಗಿನ ಜಾವ ಐದಕ್ಕೆ ಮೂರನೇ ಮಹಡಿಯಿಂದ ಅಲಾರಂ ಬಂತು. ಸೆಕ್ಯೂರಿಟಿಯವನು, ಎಂಜಿನಿಯರು, ನಾನು, ಮೂವರೂ ಓಡಿದೆವು. ಬಾಗಿಲು ತೆಗೆದವರು ನಮ್ಮ ಕಡೆಯ ಯಜಮಾನರು. ಒದ್ದೆ ಪಂಚೆ, ಹಣೆತುಂಬ ವಿಭೂತಿ, ಎಡ ಅಂಗೈಯಲ್ಲಿ ಇಷ್ಟಲಿಂಗ. ಪೂಜೆ ನಡುವೆ ಮಾತಾಡುವ ಹಾಗಿಲ್ಲ. ಕಣ್ಣಲ್ಲೇ ಮೇಜು ತೋರಿಸಿದರು. ಅಲ್ಲಿ ಎರಡು ಊದಿನಕಡ್ಡಿ, ಪಕ್ಕದ ತಟ್ಟೆಯಲ್ಲಿ ಉರಿಯುತ್ತಿದ್ದ ಕರ್ಪೂರ. ಅಕ್ಕಪಕ್ಕದ ರೂಮಿನವರೆಲ್ಲ ನಿದ್ದೆಗಣ್ಣಲ್ಲಿ ಹೊರಗೆ ನಿಂತಿದ್ದರು. ಯಜಮಾನರಿಗೆ ಆದ ಮುಜುಗರ ನೋಡಿ ನನಗೇ ಸಂಕಟವಾಯಿತು. ಮರುದಿನ ಅವರನ್ನು ಕೆಳಗಿನ ತೋಟದ ರೂಮಿಗೆ ಬದಲಾಯಿಸಿದೆವು. ಹೊರಗೆ ಒಂದು ಚಿಕ್ಕ ಮೇಜು, ಮೇಲೆ ಬಿಳಿ ಬಟ್ಟೆ, ಒಂದು ಮಣೆ ಇಟ್ಟುಕೊಟ್ಟೆವು. ಹೋಗುವಾಗ ಅವರು ಹಾಸಿಗೆ ಬಗ್ಗೆಯಾಗಲಿ ಊಟದ ಬಗ್ಗೆಯಾಗಲಿ ಒಂದು ಮಾತೂ ಆಡಲಿಲ್ಲ. 'ಆಕಾಶದ ಕೆಳಗೆ ಪೂಜೆ ಆತಪ್ಪ' ಅಂದರು.

ನಿಮ್ಮ ಅಪ್ಪಾಜಿಗೂ ಹಾಗೇ ಮಾಡಿಸಿ. ಹೋಟೆಲಿಗೆ ಹಿಂದಿನ ದಿನವೇ ತಿಳಿಸಿ: ತೋಟದಲ್ಲಿ ಮೇಜು, ದೀಪ ಹಚ್ಚಲು ಅನುಮತಿ, ಒಂದು ಬಟ್ಟಲು ಬಿಡಿ ಹೂವು. ಲಾಬಿಯ ಅಲಂಕಾರಕ್ಕೆ ದಿನಾ ಹೂವು ತರಿಸುತ್ತಾರೆ, ಅದರಲ್ಲಿ ಒಂದು ಹಿಡಿ ಕೊಡುವುದು ಅವರಿಗೆ ಭಾರವಲ್ಲ. ಪತ್ರೆ ಮಾತ್ರ ಊರಿಂದಲೇ ಒದ್ದೆ ಬಟ್ಟೆಯಲ್ಲಿ ಸುತ್ತಿ ಒಯ್ಯಿರಿ. ತೋಟದ ಗಿಡಗಳಿಗೆ ಔಷಧಿ ಹೊಡೆದಿರುತ್ತಾರೆ, ತುಳಸಿ ಕಂಡರೂ ಬಾಯಿಗೆ ಹಾಕಿಕೊಳ್ಳುವುದು ಬೇಡ. ಬಿಸಿನೀರಿಗೆ ಯೋಚನೆ ಇಲ್ಲ, ನಾಲ್ಕಕ್ಕೂ ಬರುತ್ತದೆ. ತಿಂಡಿ ಮಾತ್ರ ಆರೂವರೆ ಏಳರ ಮುಂಚೆ ಶುರುವಾಗಲ್ಲ. ಪೂಜೆ ಮುಗಿದು ಹಸಿವಾದರೆ ಅಂತ ಮಂಡಕ್ಕಿ, ಶೇಂಗಾ ಜೊತೆಗಿರಲಿ. ಬಫೆಯಲ್ಲಿ ದೋಸೆ ಕೌಂಟರ್ ಇರುತ್ತದೆ, ದೋಸೆಯೂ ಚೆನ್ನಾಗಿಯೇ ಇರುತ್ತದೆ. ನಮ್ಮೂರ ಬೆಣ್ಣೆ ದೋಸೆ ತಿಂದವರು ಅದರ ಬಗ್ಗೆ ಹೆಚ್ಚು ಮಾತಾಡದಿದ್ದರೆ ಎಲ್ಲರಿಗೂ ಕ್ಷೇಮ.

ಮೊಣಕಾಲಿನ ಬಗ್ಗೆ ಮೂರು ವಿಷಯ ಕೇಳಿ. ಬಚ್ಚಲಿನಲ್ಲಿ ಟಬ್ ಇದೆಯಾ, ನಡೆದು ಹೋಗಿ ನಿಲ್ಲುವ ಶವರ್ ಇದೆಯಾ? ಟಬ್ ಆದರೆ ಬೇಡವೇ ಬೇಡ, ಆ ಅಂಚು ದಾಟುವುದು ಆಪರೇಷನ್ ಆದ ಕಾಲಿಗೆ ಕಷ್ಟ. ರೂಮಿನಿಂದ ತೋಟಕ್ಕೆ ಎಷ್ಟು ಮೆಟ್ಟಿಲು, ಪಕ್ಕದಲ್ಲಿ ಹಿಡಿಕೆ ಇದೆಯಾ? ಲಾಬಿಯಿಂದ ರೂಮು ಎಷ್ಟು ದೂರ? ಹಳೇ ಕಾಂಪೌಂಡಿನ ಹೋಟೆಲುಗಳಲ್ಲಿ ತೋಟದ ಭಾಗ ಬಹಳ ಒಳಗಿರುತ್ತದೆ, ಬ್ಯಾಟರಿ ಗಾಡಿಯಲ್ಲಿ ಬಿಡುತ್ತಾರೆ, ಕೇಳಬೇಕಷ್ಟೆ. ತೋಟದ ಕುರ್ಚಿಗಳು ನೋಡಲು ಚೆಂದ, ಆದರೆ ತಗ್ಗು. ಒಮ್ಮೆ ಕೂತರೆ ಅಪ್ಪಾಜಿಯನ್ನು ಇಬ್ಬರು ಎಬ್ಬಿಸಬೇಕಾಗುತ್ತದೆ. ಊಟದ ಮೇಜಿನ ಕೈಯಿರುವ ಕುರ್ಚಿ ಒಂದನ್ನು ಹೊರಗೆ ಹಾಕಿಸಿಕೊಳ್ಳಿ.

ದುಡ್ಡು. 28,000 ಅಂತ ಕಂಡದ್ದು 28,000 ಅಲ್ಲ. ದಿನದ ಬಾಡಿಗೆ 7,500 ರೂಪಾಯಿ ದಾಟಿದ ರೂಮಿಗೆ ಜಿಎಸ್‌ಟಿ 18 ಪರ್ಸೆಂಟ್. 2025ರ ಸೆಪ್ಟೆಂಬರ್ 22ರಿಂದ ತೆರಿಗೆ ಇಳಿಯಿತು ಅಂತ ಕೇಳಿರುತ್ತೀರಿ, ಇಳಿದದ್ದು 7,500ರ ಒಳಗಿನ ರೂಮುಗಳಿಗೆ, 12ರಿಂದ 5ಕ್ಕೆ. ನಿಮ್ಮದಕ್ಕೆ ಆ ಲಾಭ ಇಲ್ಲ. ತೆರಿಗೆ ಸೇರಿ ರಾತ್ರಿಗೆ 33,040, ಎರಡು ರಾತ್ರಿಗೆ 66,080. ಇಂಥ ಹೋಟೆಲಿನಲ್ಲಿ ಊಟದ ಬಿಲ್ಲಿಗೂ 18 ಪರ್ಸೆಂಟೇ ಬೀಳುತ್ತದೆ, ಹೊರಗಿನ ಹೋಟೆಲಿನ ಹಾಗೆ 5 ಅಲ್ಲ. ಹಾಗಾಗಿ ಬಾಡಿಗೆಯಲ್ಲಿ ತಿಂಡಿ ಸೇರಿದೆಯಾ ಅಂತ ಕೇಳಿಯೇ ಒಪ್ಪಿಕೊಳ್ಳಿ. ಬಿಲ್ಲಿನಲ್ಲಿ ಸರ್ವಿಸ್ ಚಾರ್ಜ್ ಅಂತ ತಾವಾಗಿಯೇ ಸೇರಿಸಿದ್ದರೆ ತೆಗೆಯಿರಿ ಅನ್ನಬಹುದು. ಅದನ್ನು ಕಡ್ಡಾಯ ಮಾಡಬಾರದು ಅಂತ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲಿ ಹೇಳಿತು, ದೆಹಲಿ ಹೈಕೋರ್ಟು 2025ರ ಮಾರ್ಚಿನಲ್ಲಿ ಅದನ್ನೇ ಎತ್ತಿಹಿಡಿಯಿತು. ಕೊಡುವುದು ಬಿಡುವುದು ನಿಮ್ಮ ಮನಸ್ಸು. ಜಗಳಕ್ಕೆ ಬಂದರೆ 1915, ಗ್ರಾಹಕ ಸಹಾಯವಾಣಿ.

ಇನ್ನೊಂದು, ಒಳಗೆ ಹೋಗುವಾಗ ಕಾರ್ಡ್ ಉಜ್ಜಿ ಒಂದಷ್ಟು ಹಣ ಹಿಡಿದಿಡುತ್ತಾರೆ. ಅದು ಬಿಲ್ ಅಲ್ಲ, ಭದ್ರತೆಗೆ. ಕ್ರೆಡಿಟ್ ಕಾರ್ಡ್ ಕೊಡಿ. ಡೆಬಿಟ್ ಕಾರ್ಡ್ ಕೊಟ್ಟರೆ ಖಾತೆಯಿಂದಲೇ ಹೋಗಿ, ವಾಪಸ್ ಬರಲು ದಿನಗಟ್ಟಲೆ ಆಗುವುದುಂಟು, ಊರಿಗೆ ಬಂದ ಮೇಲೆ ಸುಮ್ನೆ ಗಾಬರಿ. ಚೌಕಾಸಿಗೆ ನಾಚಿಕೆ ಬೇಡ. ಬೆಂಗಳೂರಿನ ದೊಡ್ಡ ಹೋಟೆಲುಗಳು ನಡೆಯುವುದು ಹೆಚ್ಚಾಗಿ ಕಂಪನಿ ಜನರಿಂದ. ಸೋಮವಾರದಿಂದ ಗುರುವಾರ ರೇಟು ಏರಿರುತ್ತದೆ, ಭಾನುವಾರ ರಾತ್ರಿ ಸಾಮಾನ್ಯವಾಗಿ ಇಳಿದಿರುತ್ತದೆ. ಶನಿವಾರ, ಭಾನುವಾರ ಎರಡು ರಾತ್ರಿ ಕೇಳಿ. 40 ವರ್ಷದ ಮದುವೆ ದಿನ ಅಂತ ಹೇಳಿ. ರೇಟು ಇಳಿಸದಿದ್ದರೂ ಬೆಳಿಗ್ಗೆ ಬೇಗ ರೂಮು ಕೊಡುವುದೋ, ಮಧ್ಯಾಹ್ನ ಎರಡರವರೆಗೆ ಇರಲು ಬಿಡುವುದೋ ಮಾಡುತ್ತಾರೆ. ಕೇಕಿಗಿಂತ ನಿಮಗೆ ಅದೇ ಲಾಭ. ಒಪ್ಪಿದ್ದನ್ನೆಲ್ಲ ಇಮೇಲಿನಲ್ಲಿ ಬರೆಸಿಕೊಳ್ಳಿ.

ಹೋಗುವುದು ಹೇಗೆ ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಧಾರವಾಡದಿಂದ ಬರುವ ವಂದೇ ಭಾರತ್ ಮಧ್ಯಾಹ್ನದ ಮೇಲೆ ದಾವಣಗೆರೆ ಬಿಟ್ಟು ಕತ್ತಲಾದ ಮೇಲೆ ಬೆಂಗಳೂರು ಮುಟ್ಟುತ್ತದೆ. ಮೊದಲ ಸಂಜೆಯ ತೋಟ ಹೋಯಿತು ಅಂತಲೇ. ಬೆಳಗಾವಿಯಿಂದ ಬೆಳಿಗ್ಗೆ ಬರುವ ವಂದೇ ಭಾರತ್ ಆದರೆ ಮಧ್ಯಾಹ್ನಕ್ಕೆ ಬೆಂಗಳೂರು, ರೂಮು ಸಿಗುವ ಹೊತ್ತಿಗೆ ಸರಿಯಾಗುತ್ತದೆ. ಕಾರಾದರೆ ಸುಮಾರು 260 ಕಿಲೋಮೀಟರು, ನೆಲಮಂಗಲ ದಾಟಿದ ಮೇಲಿನ ಟ್ರಾಫಿಕ್ಕಿಗೆ ಒಂದು ಗಂಟೆ ಜಾಸ್ತಿ ಇಟ್ಟುಕೊಳ್ಳಿ.

ಅಣ್ಣನ ಮಾತು ಪೂರ್ತಿ ತಪ್ಪಲ್ಲ. ಆ ದುಡ್ಡಿಗೆ ಚಿಕ್ಕಮಗಳೂರು ಕಡೆ ಕಾಫಿ ತೋಟದ ನಡುವೆ ಇನ್ನೂ ಜಾಸ್ತಿ ದಿನ ಇರಬಹುದು. ಬರೀ ಹಸಿರು ಬೇಕಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಆದರೆ ಘಾಟಿ ರಸ್ತೆ, ಮೆಟ್ಟಿಲು, ಏರುಪೇರು ನೆಲ ಅಪ್ಪಾಜಿಯ ಕಾಲಿಗೆ ಆಗಲ್ಲ. ರಾತ್ರಿ ಏನಾದರೂ ಹೆಚ್ಚುಕಮ್ಮಿಯಾದರೆ ಆಸ್ಪತ್ರೆ ದೂರ. ಊರ ನಡುವಿನ ತೋಟಕ್ಕೆ ನಾನು ಒಪ್ಪುವುದು ಈ ಕಾರಣಕ್ಕೆ.

ರೇಟು ಅವ್ವನಿಗೆ ಹೇಳಬೇಡಿ. ಹೇಳಿದರೆ ಎರಡು ದಿನವೂ ಅದನ್ನೇ ಲೆಕ್ಕ ಹಾಕುತ್ತಾ ಕೂರುತ್ತಾರೆ. ರೂಮಿಗೆ ಊಟ ತರಿಸಿದರೆ ಚೀಟಿಯಲ್ಲಿ ಬೆಲೆ ಇರುತ್ತದೆ, ಅದು ನಿಮ್ಮ ಕೈಗೇ ಬರುವ ಹಾಗೆ ನೋಡಿಕೊಳ್ಳಿ. ಬೆಳಿಗ್ಗೆ ಹಾಸಿಗೆ ತಾವೇ ಮಡಚುತ್ತಾರೆ, ಕಾಫಿ ಕಪ್ಪು ತಾವೇ ತೊಳೆದಿಡುತ್ತಾರೆ. ತಡೆಯಬೇಡಿ. ನಮ್ಮ ಹೌಸ್‌ಕೀಪಿಂಗ್ ಹುಡುಗರು ಅಂಥ ರೂಮು ಕಂಡರೆ 'ಯಾರದೋ ಅವ್ವ ಬಂದಾರೆ' ಅಂತ ಕೈಮುಗಿದು ನಗುತ್ತಿದ್ದರು.

ಕೊನೆಗೆ, ಎರಡನೇ ದಿನ ಹತ್ತರ ಹೊತ್ತಿಗೆ ಹಿರಿಯ ಮಾಲಿಯನ್ನು ಅರ್ಧ ಗಂಟೆ ಕಳಿಸಿ ಅಂತ ಹೋಟೆಲಿನವರನ್ನು ಕೇಳಿ. ಅವ್ವನ ಜೊತೆ ತೋಟ ಸುತ್ತಿ ಗಿಡಗಳ ಹೆಸರು ಹೇಳಲಿ. ಅವ್ವನೂ ಅವನಿಗೆ ನಾಲ್ಕು ಮಾತು ಹೇಳಿಯೇ ಹೇಳುತ್ತಾರೆ. ಬೀಳ್ಕೊಡುವಾಗ ಇಷ್ಟವಾದ ಗಿಡದ ಒಂದು ಕಡ್ಡಿ ಕೇಳಿದರೆ ಮಾಲಿಗಳು ಇಲ್ಲ ಅನ್ನುವುದು ಕಡಿಮೆ. ಒಂದು ಪ್ಲಾಸ್ಟಿಕ್ ಕವರು, ಸ್ವಲ್ಪ ಹಳೇ ಪೇಪರು ಬ್ಯಾಗಿನಲ್ಲಿ ಇಟ್ಟುಕೊಂಡು ಹೋಗಿ. ಪೇಪರ್ ನೆನೆಸಿ ಕಡ್ಡಿಯ ಬುಡಕ್ಕೆ ಸುತ್ತಿದರೆ ದಾವಣಗೆರೆ ಮುಟ್ಟುವವರೆಗೆ ಬಾಡುವುದಿಲ್ಲ. ಬಾಲ್ಕನಿಯಲ್ಲಿ ಕುಂಡ ಮೊದಲೇ ರೆಡಿ ಇರಲಿ.